ವೆಬ್‌ಸೈಟ್ ಆಮೇಲೆ, ಮೊದಲು ಡಬ್ಬಿ ತನ್ನಿ

ಸಣ್ಣ ತಯಾರಕರಿಗೆ ಆನ್‌ಲೈನ್ ಅಂಗಡಿ ಶುರು ಮಾಡಿಕೊಡುವುದು ನನ್ನ ಕೆಲಸ. ಜಾಸ್ತಿ ಬರುವುದು ಚನ್ನಪಟ್ಟಣದ ಮರದ ಆಟಿಕೆಗಳು. ಬಂದವರು ವೆಬ್‌ಸೈಟಿಗೆ ಎಷ್ಟಾಗುತ್ತೆ, ಲೋಗೋ ಯಾರು ಮಾಡ್ತಾರೆ, ಇನ್‌ಸ್ಟಾಗ್ರಾಂನಲ್ಲಿ ಏನು ಹಾಕಬೇಕು ಅಂತೆಲ್ಲ ಕೇಳುತ್ತಾರೆ. ನಾನು ಕೇಳುವುದು ಒಂದೇ: ನಿಮ್ಮ ಆಟಿಕೆ ಯಾವ ಡಬ್ಬಿಯಲ್ಲಿ ಹೋಗುತ್ತದೆ, ಅದರ ಅಳತೆ ಎಷ್ಟು? ಇದು ಗೊತ್ತಿಲ್ಲದೆ ಬೆಲೆ ಹಾಕೋಕೆ ಆಗಲ್ಲ.

ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕೆಜಿ ಮತ್ತು ತಕ್ಕಡಿ ತೋರಿಸಿದ ಕೆಜಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಈ ಆಟಿಕೆಗಳಿಗೆ ಬಳಸುವ ಆಲೆ ಮರ ಹಗುರ, ಆದರೆ ಅದರಲ್ಲಿ ಮಾಡಿದ ಆಟಿಕೆ ಜಾಗ ಜಾಸ್ತಿ ತಿನ್ನುತ್ತದೆ. ಉಂಗುರ ಜೋಡಿಸುವ ಗೋಪುರವನ್ನೇ ತೆಗೆದುಕೊಳ್ಳಿ. ತೂಕ 600 ಗ್ರಾಂ ಇರಬಹುದು, ಆದರೆ 30, 25, 20 ಸೆಂಟಿಮೀಟರಿನ ಡಬ್ಬಿಗೆ ಹಾಕಿದರೆ ಕೊರಿಯರ್ ಲೆಕ್ಕದಲ್ಲಿ ಅದು 3 ಕೆಜಿ! ಅದೇ ಗೋಪುರದ ಕಡ್ಡಿಯನ್ನು ಬುಡಕ್ಕೆ ಸಿಕ್ಕಿಸಿ ಬಿಚ್ಚುವ ಹಾಗೆ ಮಾಡಿಸಿ, ಉಂಗುರಗಳನ್ನು ಪಕ್ಕಪಕ್ಕ ಮಲಗಿಸಿ, 25, 18, 10ರ ಡಬ್ಬಿಗೆ ಹಾಕಿದರೆ 900 ಗ್ರಾಂಗೆ ಇಳಿಯುತ್ತದೆ. ಹಾಗಾಗಿ ಡಬ್ಬಿಯ ಮಾತನ್ನು ಮರ ಕಡೆಯುವ ಕುಶಲಕರ್ಮಿಯ ಹತ್ತಿರವೇ ಕೂತು ಆಡಬೇಕು, ಮಾಲು ತಯಾರಾದ ಮೇಲೆ ಆಡಿ ಪ್ರಯೋಜನ ಇಲ್ಲ. ಡಬ್ಬಿ ಎರಡೇ ಅಳತೆಯಲ್ಲಿ ಇರಲಿ. ಅದರೊಳಗೆ ಕೂರುವ ಆಟಿಕೆಗಳಿಂದಲೇ ಅಂಗಡಿ ಶುರುವಾಗಲಿ. ತೂಗುವ ಕುದುರೆ ಎಷ್ಟೇ ಚೆನ್ನಾಗಿದ್ದರೂ ಮೊದಲ ವರ್ಷ ಬೇಡ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಆಮೇಲೆ ವಾಪಸ್ ಬರುವ ಪಾರ್ಸೆಲ್. ಮನೆಗೆ ಬಂದಾಗ ದುಡ್ಡು ಕೊಡ್ತೀನಿ ಅಂದವರಲ್ಲಿ ಕೆಲವರು ಬಾಗಿಲು ತೆಗೆಯುವುದಿಲ್ಲ, ಕೆಲವರು ಬೇಡ ಅಂದುಬಿಡುತ್ತಾರೆ. 10 ಪಾರ್ಸೆಲ್ ಕಳಿಸಿದಿರಿ, ಒಂದಕ್ಕೆ 80 ರೂಪಾಯಿ, 2 ವಾಪಸ್ ಬಂದವು, ವಾಪಸಿಗೂ 80 ಅಂದುಕೊಳ್ಳಿ. ಒಟ್ಟು ಖರ್ಚು 960, ತಲುಪಿದ್ದು 8. ಅಂದರೆ ತಲುಪಿದ ಒಂದೊಂದು ಪಾರ್ಸೆಲಿಗೆ ನಿಮ್ಮ ಸಾಗಣೆ ವೆಚ್ಚ 120 ರೂಪಾಯಿ. ಬೆಲೆಯಲ್ಲಿ ಕೂರಬೇಕಾದದ್ದು ಈ 120. ಇದರ ಮೇಲೆ ಡಬ್ಬಿ, ಒಳಗಿನ ಕಾಗದ, ಆನ್‌ಲೈನ್ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇ ಶುಲ್ಕ, ಅಮೆಜಾನ್‌ನಂಥ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಿದರೆ ಅದರ ಕಮಿಷನ್. ಇದೆಲ್ಲ ಕಳೆದು ಕುಶಲಕರ್ಮಿಗೆ ಕೊಡುವ ದುಡ್ಡನ್ನು ಇಳಿಸಿ ಲಾಭ ಮಾಡೋಣ ಅಂತ ಯೋಚಿಸುವವರ ಕೆಲಸ ನಾನು ಹಿಡಿಯುವುದಿಲ್ಲ. ಆ ಕೈಗಳು ಇಲ್ಲದಿದ್ದರೆ ಮಾರೋಕೆ ಏನಿದೆ, ಅಲ್ವಾ?

ಕಾಗದಪತ್ರದ ವಿಷಯ ಬೇಜಾರು ಅನ್ನಿಸಿದರೂ ಒಂದೆರಡು ಬಿಡೋ ಹಾಗಿಲ್ಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ಇದರಿಂದ ವಿನಾಯಿತಿ ಇದೆ, ಜಿಐ, ಅಂದರೆ ಒಂದು ಊರಿನ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತಿನ ನೋಂದಣಿಯ ಮಾಲೀಕರು ಮತ್ತು ಅಧಿಕೃತ ಬಳಕೆದಾರರಿಗೂ ಇದೆ. ಚನ್ನಪಟ್ಟಣದ ಆಟಿಕೆಗೆ ಜಿಐ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ವಿನಾಯಿತಿ ಇರುವುದು ಆ ನೋಂದಣಿ ಕೈಯಲ್ಲಿ ಇದ್ದವರಿಗೆ. ಯಾರಿಂದ ಮಾಲು ತರುತ್ತೀರೋ ಅವರ ಗುರುತಿನ ಚೀಟಿ ನೋಡಿ, ಪ್ರತಿ ಇಟ್ಟುಕೊಳ್ಳಿ.

ಜಿಎಸ್‌ಟಿಯದ್ದೂ ಹಾಗೇ. ವರ್ಷಕ್ಕೆ 40 ಲಕ್ಷದ ವಹಿವಾಟಿನ ತನಕ ನೋಂದಣಿ ಏನೂ ಬೇಡ ಅಂತ ಯಾರೋ ಹೇಳಿರುತ್ತಾರೆ. ಆದರೆ ಹೊರರಾಜ್ಯಕ್ಕೆ ಸರಕು ಮಾರಿದರೆ ಆ ಮಿತಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ರಿಯಾಯಿತಿ ಇದೆ, ನಿಮ್ಮದು ಆ ಪಟ್ಟಿಯಲ್ಲಿ ಇದೆಯಾ ಅಂತ ಲೆಕ್ಕಪರಿಶೋಧಕರ ಹತ್ತಿರ ಕೇಳಿ. ಪ್ಯಾಕೆಟ್ ಮೇಲೆ ತಯಾರಕರ ಹೆಸರು ವಿಳಾಸ, ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇರಬೇಕು. ಇವು ಸೈಟಿನಲ್ಲೂ ಕಾಣಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದ 48 ಗಂಟೆಯೊಳಗೆ ತಲುಪಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ದೂರು ಬರುವುದು ಹೆಚ್ಚಾಗಿ ಎರಡೇ ವಿಷಯಕ್ಕೆ, ಗಾತ್ರ ಮತ್ತು ಬಣ್ಣ. ಫೋಟೋದಲ್ಲಿ ದೊಡ್ಡದಾಗಿ ಕಂಡಿತ್ತು ಅನ್ನುತ್ತಾರೆ. ಒಂದು ಫೋಟೋದಲ್ಲಾದರೂ ಆಟಿಕೆ ಯಾರದ್ದಾದರೂ ಕೈಯಲ್ಲಿ ಇರಲಿ, ಪಕ್ಕದಲ್ಲಿ ಅಳತೆ ಬರೆದಿರಲಿ. ಅರಗಿನ ಬಣ್ಣ, ಅದರಲ್ಲೂ ಅರಿಶಿನದಂಥ ಸಸ್ಯದ ಬಣ್ಣ ಹಾಕಿದ್ದು, ಒಂದು ಸಲದಿಂದ ಇನ್ನೊಂದು ಸಲಕ್ಕೆ ಸ್ವಲ್ಪ ಬದಲಾಗುತ್ತದೆ. ಅದನ್ನು ಮುಚ್ಚಿಡದೆ ಬರೆಯಿರಿ. ಹಗಲ ಬೆಳಕಲ್ಲಿ ತೆಗೆದ ಫೋಟೋ ಸಾಕು, ಫಿಲ್ಟರ್ ಹಾಕಿ ಹೊಳೆಸಿದರೆ ಆ ಪಾರ್ಸೆಲ್ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಇನ್ನು ಸ್ಟಾಕ್. ಆಲೆ ಮರವನ್ನು ಕಡಿದ ಕೂಡಲೇ ಕಡೆಯಲು ಬರುವುದಿಲ್ಲ, ತಿಂಗಳುಗಟ್ಟಲೆ ಒಣಗಬೇಕು, ಮಳೆಗಾಲದಲ್ಲಿ ಇನ್ನೂ ನಿಧಾನ. ಬೊಂಬೆಗಳಿಗೆ ಬೇಡಿಕೆ ಏರುವುದು ದಸರೆ ಹೊತ್ತಿಗೆ. ಅದಕ್ಕೇ ಆಷಾಢದೊಳಗೆ ಆರ್ಡರ್ ಕೊಟ್ಟು, ಮುಂಗಡ ದುಡ್ಡನ್ನೂ ಕೊಟ್ಟುಬಿಡಿ. ಹಬ್ಬದ ವಾರಗಳಲ್ಲಿ ಕೊರಿಯರ್ ಕೂಡ ತಡವಾಗುತ್ತದೆ. ಈ ದಿನದೊಳಗೆ ಆರ್ಡರ್ ಮಾಡಿದರೆ ಹಬ್ಬಕ್ಕೆ ತಲುಪುತ್ತದೆ ಅಂತ ಸೈಟಿನ ತಲೆಯ ಮೇಲೇ ದಿನಾಂಕ ಹಾಕಿ. ಆ ದಿನ ದಾಟಿದ ಮೇಲೆ ಬಂದವರಿಗೆ ಹಬ್ಬ ಮುಗಿದ ಮೇಲೆ ಸಿಗುತ್ತೆ ಅಂತ ನೇರವಾಗಿ ಹೇಳಿ, ಒಪ್ಪಿದರೆ ಮಾತ್ರ ದುಡ್ಡು ತೆಗೆದುಕೊಳ್ಳಿ.