ಹೊಲಿಗೆಯಲ್ಲಿ ಕೀವು ಕಂಡರೆ ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ

ಹೆಣ್ಣು ನಾಯಿಗೋ ಬೆಕ್ಕಿಗೋ ಸಂತಾನಹರಣ ಆಪರೇಶನ್ ಆಗಿ ನಾಲ್ಕೈದು ದಿನಕ್ಕೆ ಹೊಲಿಗೆಯ ಸುತ್ತ ಬಾವು ಬಂದರೆ ಅದೆಲ್ಲ ನಂಜಲ್ಲ. ಬಾವು ಮೆತ್ತಗಿದೆ, ಬಿಸಿಯಿಲ್ಲ, ಒತ್ತಿದರೆ ನೋವಿಲ್ಲ, ಊಟ ಎಂದಿನಂತೆ ಮಾಡುತ್ತಿದೆ ಅಂದರೆ ಅದು ಚರ್ಮದಡಿ ನಿಂತ ನೀರು, ಡಾಕ್ಟರು ಸೀರೋಮಾ ಅನ್ನುತ್ತಾರೆ. ಜಿಗಿದಾಟ ನಿಲ್ಲಿಸಿದರೆ ತಾನೇ ಇಳಿಯುತ್ತದೆ. ಸೂಜಿ ಚುಚ್ಚಿ ಎಳೆದರೆ ಹೊರಗಿನ ಬ್ಯಾಕ್ಟೀರಿಯಾಕ್ಕೆ ದಾರಿ ಮಾಡಿಕೊಟ್ಟಂತೆ. ಮುಟ್ಟಿದರೆ ಬಿಸಿ, ಗಟ್ಟಿ ಕೀವು, ವಾಸನೆ, ಮೈ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ ಎಂದಾದರೆ ಅದು ಸೋಂಕು. ಒತ್ತಿದಾಗ ಬಾವು ಹೊಟ್ಟೆಯೊಳಕ್ಕೆ ಜಾರಿದರೆ ಸ್ನಾಯುವಿನ ಹೊಲಿಗೆಯೇ ಬಿಚ್ಚಿರಬಹುದು; ಬೆಳಗಾಗುವವರೆಗೆ ಕಾಯಬೇಡಿ.

ಇಲ್ಲಿಂದ ಮುಂದೆಯೇ ತಪ್ಪು ಶುರುವಾಗುವುದು. ಸೋಂಕು ಅಮಾಕ್ಸಿಕ್ಲಾವ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗಲಿಲ್ಲ ಅಂತ ಸೆಫಾಲೆಕ್ಸಿನ್, ಅದಕ್ಕೂ ಬಗ್ಗಲಿಲ್ಲ ಅಂತ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಹೆಸರು ಬೇರೆಯಾದರೂ ಮೂರೂ ಬೀಟಾ-ಲ್ಯಾಕ್ಟಮ್ ಎಂಬ ಒಂದೇ ಮನೆತನದವು. ನಾಯಿಯ ಚರ್ಮದ ಮೇಲೆ ಸದಾ ಇರುವ ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಮೆಕ್-ಎ ಎಂಬ ಜೀನ್ ಸಿಕ್ಕಿದ್ದರೆ, ಈ ಔಷಧಗಳು ಹಿಡಿಯಬೇಕಾದ ಪ್ರೋಟೀನಿನ ಕೆಲಸ ಮಾಡಲು ಅವಕ್ಕೆ ಸಿಗದ ಇನ್ನೊಂದನ್ನು ಅದು ತಯಾರಿಸಿಕೊಳ್ಳುತ್ತದೆ. ಆಗ ಮೂರರಲ್ಲಿ ಯಾವುದನ್ನು ಕೊಟ್ಟರೂ ವ್ಯರ್ಥ. ಸಾಯುವುದು ಬಗ್ಗುವ ಬ್ಯಾಕ್ಟೀರಿಯಾ ಮಾತ್ರ, ಉಳಿದ ಜಾಗವೆಲ್ಲ ಬಗ್ಗದ್ದಕ್ಕೆ.

ಆದ್ದರಿಂದ ಹೊಸ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಸ್ಯಾಂಪಲ್ ತೆಗೆಯಬೇಕು. ಮೇಲಿನ ಒಣಗಿದ ಕೀವನ್ನು ಸಲೈನ್‌ನಲ್ಲಿ ತೊಳೆದು ಬಿಡಿ. ಅದರಲ್ಲಿ ಬೆಳೆಯುವುದು ಚರ್ಮದ, ನಾಲಿಗೆಯ ಕಸ. ಮುಚ್ಚಿದ ಕೀವಿದ್ದರೆ ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಸಿರಿಂಜಿನಲ್ಲಿ ಎಳೆಯುವುದೇ ಉತ್ತಮ. ಇಲ್ಲವಾದರೆ ಆಳದಿಂದ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿ) ತೆಗೆದು, ಸ್ಯಾಂಪಲ್ ಒಣಗದಂತೆ ಕಾಯುವ ಏಮೀಸ್ ಮಾಧ್ಯಮದ ಕೊಳವೆಗೆ ಹಾಕಿ. ಒಣ ಸ್ವಾಬನ್ನು ಏಪ್ರಿಲ್ ಬಿಸಿಲಲ್ಲಿ ಸಿಂದಗಿಯಿಂದಲೋ ಇಂಡಿಯಿಂದಲೋ ವಿಜಯಪುರಕ್ಕೆ ಬಸ್ಸಿನಲ್ಲಿ ಕಳಿಸಿದರೆ 'ಏನೂ ಬೆಳೆಯಲಿಲ್ಲ' ಎಂಬ ವರದಿ ಬಂದರೆ ಆಶ್ಚರ್ಯವಿಲ್ಲ. ಅದನ್ನು ನಂಬಿ ಸೋಂಕಿಲ್ಲ ಅಂದುಕೊಂಡರೆ ಕೆಟ್ಟಿತು. ಜೊತೆಗೊಂದು ಸ್ಲೈಡಿಗೂ ಕೀವು ಸವರಿಡಿ. ಗ್ರಾಮ್ ಬಣ್ಣ ಹಾಕಿದರೆ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್‌ನಂಥ ಗೊಂಚಲು ಗುಂಡುಗಳೋ ಕಡ್ಡಿಗಳೋ ಎಂದು ಅದೇ ದಿನ ತಿಳಿಯುತ್ತದೆ. ಕಡ್ಡಿ ಕಂಡರೆ ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಕಡೆ ಯೋಚಿಸಬೇಕು.

ಮನುಷ್ಯರ ಲ್ಯಾಬಿಗೆ ಕೊಡುವುದಾದರೆ ಚೀಟಿಯಲ್ಲಿ 'ನಾಯಿ' ಎಂದು ದೊಡ್ಡದಾಗಿ ಬರೆಯಿರಿ. ಸ್ಟ್ಯಾಫಿಲೊಕಾಕಸ್ ಜಾತಿ ಗುರುತಿಸುವ ಕೊಯಾಗುಲೇಸ್ ಪರೀಕ್ಷೆಯಲ್ಲಿ ಸ್ಯೂಡಿಂಟರ್ಮೀಡಿಯಸ್ ಕೂಡ ಮನುಷ್ಯರಲ್ಲಿ ಸಾಮಾನ್ಯವಾದ ಆರಿಯಸ್‌ನಂತೆಯೇ ಪಾಸಿಟಿವ್ ಬರುತ್ತದೆ. ಆರಿಯಸ್ ಎಂದುಕೊಂಡು, ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ ಸೆಫಾಕ್ಸಿಟಿನ್ ಔಷಧದ ಬಿಲ್ಲೆ ಇಟ್ಟರೆ ಪ್ರತಿರೋಧ, ಅಂದರೆ ಔಷಧಕ್ಕೆ ಬಗ್ಗದ ಗುಣ, ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳಬಹುದು. ನಾಯಿಯ ಈ ಜಾತಿಗೆ ಬೇಕಾದದ್ದು 1 ಮೈಕ್ರೊಗ್ರಾಂ ಆಕ್ಸಾಸಿಲಿನ್ ಬಿಲ್ಲೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವಲಯದ ವ್ಯಾಸ 17 ಮಿ.ಮೀ. ಅಥವಾ ಕಡಿಮೆಯಿದ್ದರೆ ಪ್ರತಿರೋಧ ಇದೆ ಎಂದೇ ಲೆಕ್ಕ. ಆಗ ವರದಿಯಲ್ಲಿ ಸೆಫಾಲೆಕ್ಸಿನ್ ಎದುರು 'ಎಸ್' (ಔಷಧಕ್ಕೆ ಬಗ್ಗುತ್ತದೆ) ಅಂತಿದ್ದರೂ ಕೊಡಬಾರದು.

ಪ್ರತಿರೋಧಿ ಎಂದ ಮಾತ್ರಕ್ಕೆ ಗಾಯ ವಾಸಿಯಾಗದು ಎಂದಲ್ಲ. ಚರ್ಮದ ಮಟ್ಟದ ಸೋಂಕು, ಜ್ವರವಿಲ್ಲ ಎಂದಾದರೆ ಡಾಕ್ಟರು ಒಂದೆರಡು ಹೊಲಿಗೆ ಬಿಚ್ಚಿ ಕೀವು ಹರಿಯಲು ಬಿಟ್ಟು, ದಿನಕ್ಕೆರಡು ಸಲ ತೊಳೆದರೆ ಎಷ್ಟೋ ಗಾಯ ಮಾತ್ರೆಯಿಲ್ಲದೆ ಕೂಡುತ್ತವೆ. ತೊಳೆಯಲು 0.05 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಸಾಕು: 2 ಶೇಕಡಾ ದ್ರಾವಣ 5 ಮಿ.ಲೀ., ಡಿಸ್ಟಿಲ್ಡ್ ವಾಟರ್ 195 ಮಿ.ಲೀ. ನಮ್ಮ ಕಡೆಯ ಸವಳು ಬೋರ್ ನೀರು ಬೇಡ, ಔಷಧ ಗಸಿಯಾಗಿ ಕೂರುತ್ತದೆ. ಸೋಪು ತಾಕಿದರೂ ಅದರ ಶಕ್ತಿ ಹೋಗುತ್ತದೆ.

ಬಾಯಿ ಕೂಡಿದ ಗಾಯ ವಾರಗಳ ನಂತರ ಮತ್ತೆ ಸೋರುತ್ತಿದ್ದರೆ ಒಳಗಿನ ದಾರವನ್ನು ಶಂಕಿಸಿ. ರೇಷ್ಮೆ, ಲಿನನ್‌ನಂಥ ಹೆಣೆದ ಅಥವಾ ಹೊಸೆದ ದಾರದ ಎಳೆಗಳ ನಡುವೆ ಬ್ಯಾಕ್ಟೀರಿಯಾ ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡು ಕೂರುತ್ತವೆ. ಅಲ್ಲಿಗೆ ಔಷಧ ತಲುಪದು. ಔಷಧ ಕೊಟ್ಟಷ್ಟು ದಿನ ಸೋರಿಕೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಆ ದಾರ ತೆಗೆಯದೆ ಗತಿಯಿಲ್ಲ. ಖರ್ಚು ಸ್ವಲ್ಪ ಹೆಚ್ಚಾದರೂ ಕರಗುವ ಒಂಟಿ ಎಳೆಯ ದಾರವನ್ನೇ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತಡೆಯುವ ಕೆಲಸವೆಲ್ಲ ಟೇಬಲ್ ಮೇಲೆಯೇ ಆಗಬೇಕು. ಕೂದಲು ತೆಗೆಯುವುದು ಮಂಪರು ಬಂದ ಮೇಲೆ, ಹಿಂದಿನ ರಾತ್ರಿಯಲ್ಲ. ಬ್ಲೇಡು ಗೀರಿದ ಕಡೆಯೆಲ್ಲ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಮುಧೋಳ ನಾಯಿಯ ತೆಳು ಚರ್ಮಕ್ಕಂತೂ ಕ್ಲಿಪ್ಪರೇ ಸರಿ, ರೇಜರ್ ಬೇಡ. ಸಲಕರಣೆಗೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ), 121 ಡಿಗ್ರಿ ಸೆಲ್ಸಿಯಸ್, 15ರಿಂದ 20 ನಿಮಿಷ. ಶಿಬಿರಗಳಲ್ಲಿ ತೆಳು ಸ್ಯಾವ್ಲಾನ್ ಟ್ರೇಯಲ್ಲಿ ಅದ್ದಿ ಮುಂದಿನ ನಾಯಿಗೆ ಬಳಸುವುದು ನಿಲ್ಲಲೇಬೇಕು. ಹಳೆಯ ತೆಳು ದ್ರಾವಣದಲ್ಲಿ ಸ್ಯೂಡೊಮೊನಾಸ್ ಬೆಳೆಯಬಲ್ಲದು. ಶುಚಿಯಾಗಿ ಬೇಗ ಮುಗಿಯುವ ಆಪರೇಶನ್ನಿಗೆ ಆ್ಯಂಟಿಬಯಾಟಿಕ್ಕೇ ಬೇಕಿಲ್ಲ. ಹೊತ್ತು ಹಿಡಿಯುವಂತಿದ್ದರೆ ಚಾಕು ತಾಕುವ 30ರಿಂದ 60 ನಿಮಿಷ ಮೊದಲು ರಕ್ತನಾಳಕ್ಕೆ ಸೆಫಾಜೊಲಿನ್ ಆ್ಯಂಟಿಬಯಾಟಿಕ್, ಮೈತೂಕದ ಕಿಲೋಗೆ 22 ಮಿ.ಗ್ರಾಂ. ಮನೆಗೆ ಐದು ದಿನದ ಮಾತ್ರೆ ಬರೆದುಕೊಡುವ ರೂಢಿ ಸೋಂಕು ತಡೆಯುವುದಿಲ್ಲ, ಪ್ರತಿರೋಧಿಯನ್ನು ಸಾಕುತ್ತದೆ.

ಮನೆಯಲ್ಲಿ ಹೊಲಿಗೆ ತೆಗೆಯುವವರೆಗೆ, ಅಂದರೆ 10ರಿಂದ 14 ದಿನ, ಕೊರಳ ಕಾಲರ್ ಬಿಚ್ಚಬೇಡಿ. ಅರಿಶಿನ-ಎಣ್ಣೆ ಬಳಿಯಬೇಡಿ, ಧೂಳು ಅಂಟುತ್ತದೆ. ಬೆಕ್ಕಿಗೆ ಡೆಟಾಲ್ ಬೇಡವೇ ಬೇಡ, ನೆಕ್ಕಿದರೆ ವಿಷ. ಗಾಯ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದೇ ಇನ್ನೊಂದು ಪ್ರಾಣಿಯನ್ನು ಮುಟ್ಟಿ. ಲ್ಯಾಬಿನ ಕಲ್ಚರ್ ವರದಿ (ಯಾವ ಬ್ಯಾಕ್ಟೀರಿಯಾ ಬೆಳೆಯಿತು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಕಾಗದ) ಜೋಪಾನವಾಗಿಡಿ. ಆ ನಾಯಿಗೆ ಮುಂದೆ ಎಂದಾದರೂ ಆಪರೇಶನ್ ಆಗುವುದಿದ್ದರೆ ಡಾಕ್ಟರಿಗೆ ಮೊದಲು ತೋರಿಸಬೇಕಾದ ಕಾಗದ ಅದೇ.