ಬಿ.ಎಸ್ಸಿ.ಯಲ್ಲಿ ಬಯಾಲಜಿ ಓದಿದರೆ ಮುಂದೇನು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ನೀಟ್ ಕೌನ್ಸೆಲಿಂಗ್ ಮುಗಿಯುವವರೆಗೂ ನನಗೆ ಬರುವ ಕರೆಗಳಲ್ಲಿ ಪ್ರಶ್ನೆ ಒಂದೇ. "ಮೆಡಿಕಲ್ ಸೀಟು ಸಿಗಲಿಲ್ಲ ಮೇಡಂ. ಬಿ.ಎಸ್ಸಿ.ಗೆ ಸೇರಿಸಿದರೆ ಮುಂದೆ ಏನಾದರೂ ಕೆಲಸ ಸಿಗುತ್ತದೆಯೇ?" ಹೆಚ್ಚಾಗಿ ಕೇಳುವವರು ತಂದೆ, ತಾಯಿ ಅಥವಾ ಸೋದರಮಾವ. ಅಂತಿಮ ವರ್ಷದ ವಿದ್ಯಾರ್ಥಿಗಳು ಅದನ್ನೇ ತರಗತಿ ಮುಗಿದ ಮೇಲೆ, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳುತ್ತಾರೆ. ನಾನು ಮಂಗಳೂರಿನಲ್ಲಿ ಮೀನು ರಫ್ತು ಘಟಕವೊಂದರ ಪ್ರಯೋಗಾಲಯದಲ್ಲಿ ದುಡಿದು, ಈಗ ಉಡುಪಿಯಲ್ಲಿ ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುತ್ತಿರುವವಳು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಕೆಲಸ ಸಿಗುತ್ತದೆ. ಆದರೆ ಪದವಿ ಪ್ರಮಾಣಪತ್ರವನ್ನಷ್ಟೇ ನೋಡಿ ಯಾರೂ ಕರೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ನಿಜವಾಗಿ ಇರುವ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅದರ ಜೀವಶಾಸ್ತ್ರವನ್ನು ಬೇರಿನವರೆಗೆ ತಿಳಿದು, ಅದಕ್ಕೆ ಬೇಕಾದ ಒಂದು ಪರೀಕ್ಷೆಯನ್ನಾದರೂ ಸ್ವಂತ ಕೈಯಿಂದ ಮಾಡಬಲ್ಲವರಿಗೆ ಇಲ್ಲಿ ಜಾಗವಿದೆ. ವೈದ್ಯರಿಗೆ ಆಸ್ಪತ್ರೆಯಿದೆ, ವಕೀಲರಿಗೆ ನ್ಯಾಯಾಲಯವಿದೆ. ಜೀವಶಾಸ್ತ್ರ ಓದಿದವರು ದುಡಿಯುವ ಜಾಗಗಳಿಗೆ ಅಂಥ ಒಂದು ಫಲಕವಿಲ್ಲದ ಕಾರಣ ಆ ಕೆಲಸಗಳು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಪಿಯು ಫಲಿತಾಂಶದ ಪಟ್ಟಿಯಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಮೇಲಿನ ಸಾಲಿನಲ್ಲೇ ಇರುತ್ತವೆ. ಅಷ್ಟು ಚೆನ್ನಾಗಿ ಓದುವ ಮಕ್ಕಳು ಒಂದು ಪರೀಕ್ಷೆಯ ರ‍್ಯಾಂಕ್ ನೋಡಿ ಇಡೀ ವಿಷಯದ ಮೇಲೆಯೇ ಆಸೆ ಬಿಡುವುದು ನನಗೆ ಸಂಕಟ ತರುತ್ತದೆ.

ನಾನು ಕಂಡು ಉಂಡದ್ದು ಮೀನಿನ ಕ್ಷೇತ್ರ, ಆದ್ದರಿಂದ ಅದನ್ನೇ ವಿವರವಾಗಿ ಹೇಳುತ್ತೇನೆ. ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಹಿಡಿದ ಮೀನಿಗೆ ಸಕಾಲಕ್ಕೆ ಐಸ್ ಬೀಳದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಹಾಗಾದ ಮೇಲೆ ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಇಂಥ ಮೀನಿನ ಒಂದು ಬ್ಯಾಚ್‌ನಿಂದ 9 ಮಾದರಿಗಳನ್ನು ತೆಗೆಯಬೇಕು. ಅವುಗಳಲ್ಲಿನ ಹಿಸ್ಟಮಿನ್‌ನ ಸರಾಸರಿ ಒಂದು ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಹೆಚ್ಚೆಂದರೆ ಎರಡು ಮಾದರಿಗಳು 100ರಿಂದ 200ರ ನಡುವೆ ಇರಬಹುದು. ಯಾವುದೇ ಒಂದು 200 ದಾಟಿದರೂ ಬ್ಯಾಚ್ ತಿರಸ್ಕೃತ. ಈ ನಾಲ್ಕು ಸಾಲಿನ ನಿಯಮದೊಳಗೆ ಜೀವರಸಾಯನಶಾಸ್ತ್ರವಿದೆ, ಸೂಕ್ಷ್ಮಜೀವಶಾಸ್ತ್ರವಿದೆ, ವಿದ್ಯಾರ್ಥಿಗಳು ಬೇಸರದಿಂದ ದಾಟಿಹೋಗುವ ಸಂಖ್ಯಾಶಾಸ್ತ್ರವೂ ಇದೆ. ಒಂಬತ್ತೇ ಏಕೆ, ಒಂದು ಮಾದರಿ ಸಾಲದೇಕೆ ಎಂದು ಸಂದರ್ಶನದಲ್ಲಿ ಬಿಡಿಸಿ ಹೇಳುವ ಹುಡುಗಿಯ ಅಂಕಪಟ್ಟಿಯನ್ನು ಮತ್ತೆ ತಿರುವಿ ನೋಡುವವರು ಕಡಿಮೆ.

ಇದಕ್ಕೊಂದು ಹಿನ್ನೆಲೆಯಿದೆ. 1997ರಲ್ಲಿ ಐರೋಪ್ಯ ಒಕ್ಕೂಟ ನೈರ್ಮಲ್ಯದ ಕಾರಣ ನೀಡಿ ಭಾರತದ ಸಮುದ್ರಾಹಾರದ ಆಮದನ್ನು ತಡೆಹಿಡಿದಿತ್ತು. ಅಪಾಯ ಯಾವ ಹಂತದಲ್ಲಿ ಹುಟ್ಟುತ್ತದೆಂದು ಮೊದಲೇ ಗುರುತಿಸಿ ಅಲ್ಲಿಯೇ ತಡೆಯುವ ಹ್ಯಾಸಪ್ ಪದ್ಧತಿಯನ್ನು ಅದೇ ವರ್ಷದ ಕೊನೆಯಲ್ಲಿ ಅಮೆರಿಕ ತನ್ನ ಸಮುದ್ರಾಹಾರಕ್ಕೆ ಕಡ್ಡಾಯ ಮಾಡಿತು. ಆ ಬಳಿಕ ರಫ್ತು ಮಾಡುವ ಘಟಕಕ್ಕೆ ಪ್ರಯೋಗಾಲಯದ ವರದಿಯಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದ ಸ್ಥಿತಿ ಬಂದಿತು. ಸಾಲ್ಮೊನೆಲ್ಲಾ, ವಿಬ್ರಿಯೊದಂಥ ರೋಗಕಾರಕ ಬ್ಯಾಕ್ಟೀರಿಯಾಗಳ ಪರೀಕ್ಷೆ ಮಾಡುವವರು, ಐಸಿನ ಮತ್ತು ನೀರಿನ ಗುಣಮಟ್ಟ ನೋಡುವವರು, ಗುಣಮಟ್ಟದ ತಪಾಸಣೆಗೆ ಬಂದವರ ಎದುರು ದಾಖಲೆ ಬಿಚ್ಚಿಡುವವರು ಎಲ್ಲರೂ ಬೇಕಾದರು. ಮಲ್ಪೆಯಲ್ಲಿ ಅಥವಾ ಮಂಗಳೂರಿನ ದಕ್ಕೆಯಲ್ಲಿ ಮೀನು ಇಳಿಯುವುದನ್ನು ದಿನವೂ ಕಾಣುವ ನಮ್ಮ ಮಕ್ಕಳಿಗೆ ಆ ಬುಟ್ಟಿಯ ಹಿಂದೆ ಇಷ್ಟು ಕೆಲಸಗಳಿವೆ ಎಂದು ಯಾರೂ ಹೇಳಿಲ್ಲ. ಇನ್ನೂ ಪಿಯುಸಿಯಲ್ಲೇ ಇರುವವರು ಗಮನಿಸಿ: ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲಿ. ಅಲ್ಲಿನ ನಾಲ್ಕು ವರ್ಷದ ಮೀನುಗಾರಿಕೆ ವಿಜ್ಞಾನ ಪದವಿ ಬಿ.ಎಫ್.ಎಸ್ಸಿ.ಗೆ ಪ್ರವೇಶ ಸಿಇಟಿ ಮೂಲಕ.

ಅಡಿಕೆಯ ಕಡೆಯಿಂದ ಬರುವವರಿಗೆ ನಾನು ಬೇರೆ ದಾರಿ ತೋರಿಸುತ್ತೇನೆ. ಮಳೆಗಾಲದ ಕೊಳೆರೋಗ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ. ನೋಡಲು ಶಿಲೀಂಧ್ರದಂತಿದ್ದರೂ ಅದು ಶಿಲೀಂಧ್ರಗಳ ವಂಶಕ್ಕೆ ಸೇರಿದ್ದಲ್ಲ. ಶಿಲೀಂಧ್ರಗಳಂತೆ ಅದು ತನ್ನ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ತಯಾರಿಸಿಕೊಳ್ಳುವುದಿಲ್ಲ. ಆದ್ದರಿಂದ ಎರ್ಗೊಸ್ಟೆರಾಲ್ ತಯಾರಿಯನ್ನು ತಡೆಯುವ ಪ್ರೊಪಿಕೊನಜೋಲ್‌ನಂಥ ಔಷಧ ಎಲೆಚುಕ್ಕಿ ರೋಗಕ್ಕೆ ಸರಿ, ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಬೋರ್ಡೊ ದ್ರಾವಣವೇ ಬೇಕು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕೃಷಿಕರು ಔಷಧದ ಅಂಗಡಿಗೆ ಬಂದು ಕೇಳುವುದು ಇದನ್ನೇ, ಮತ್ತು ಸಸ್ಯಶಾಸ್ತ್ರ ಓದಿದವರೊಬ್ಬರು ಗಲ್ಲಾಪೆಟ್ಟಿಗೆಯ ಆಚೆ ಇದ್ದರೆ ಒಂದು ತೋಟದ ಫಸಲು ಉಳಿಯುತ್ತದೆ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ಕೀಟನಾಶಕ ಮಾರಾಟದ ಪರವಾನಗಿಗೆ ಕೃಷಿ ಪದವಿಯೇ ಆಗಬೇಕೆಂದಿಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ರಸಾಯನಶಾಸ್ತ್ರ ಇರುವ ವಿಜ್ಞಾನ ಪದವಿಗೂ ನಿಯಮದಲ್ಲಿ ಅವಕಾಶವಿದೆ. ಊರಿನಲ್ಲೇ ಉಳಿಯಬೇಕಾದ ಹುಡುಗನಿಗೆ ಇದು ಗೌರವದ ಸ್ವಂತ ಉದ್ಯೋಗ.

ಮಂಗಳೂರಿನವರಿಗೆ ಮಲೇರಿಯಾದ ಪರಿಚಯ ಬೇಡ. ಕಟ್ಟಡ ಕಾಮಗಾರಿಯ ನೀರು, ತೆರೆದ ಟ್ಯಾಂಕಿ, ಬಾವಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಇದರ ಮುಖ್ಯ ವಾಹಕ. ಅದರ ಮರಿಗಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತವೆ, ಡೆಂಗ್ಯೂ ಹರಡುವ ಈಡಿಸ್‌ನ ಮರಿಗಳು ತಲೆ ಕೆಳಗಾಗಿ ನೇತಾಡುತ್ತವೆ. ಇಷ್ಟನ್ನು ನಿಂತಲ್ಲೇ ಗುರುತಿಸಿ, ಯಾವ ಬಡಾವಣೆಯಲ್ಲಿ ಯಾವುದು ಎಂದು ನಕ್ಷೆಯಲ್ಲಿ ತೋರಿಸಬಲ್ಲ ಪ್ರಾಣಿಶಾಸ್ತ್ರ ಪದವೀಧರರು ಸಾರ್ವಜನಿಕ ಆರೋಗ್ಯಕ್ಕೆ ಬೇಕು. ಈ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು, ಎಂ.ಎಸ್ಸಿ. ಕೇಳುವಂಥವು ಎಂಬುದನ್ನೂ ಹೇಳಬೇಕು.

ಸರ್ಕಾರಿ ಹುದ್ದೆಯ ಆಸೆಯಿರುವವರು ಕಾಂಬಿನೇಷನ್ ಆರಿಸುವ ಮೊದಲೇ ನೇಮಕಾತಿ ನಿಯಮ ಓದಬೇಕು. ಆಹಾರ ಸುರಕ್ಷತಾ ಅಧಿಕಾರಿಯ ಅರ್ಹತಾ ಪಟ್ಟಿಯಲ್ಲಿ ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಪದವಿಗಳಿವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಹೆಸರಿಲ್ಲ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಇದರ ತಿರುವುಮುರುವು: ಅಲ್ಲಿನ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಇವೆ, ಸೂಕ್ಷ್ಮಜೀವಶಾಸ್ತ್ರ ಇಲ್ಲ. ಹದಿನೆಂಟರ ವಯಸ್ಸಿನಲ್ಲಿ ಸ್ನೇಹಿತರು ಸೇರಿದರೆಂದು ಮಾಡಿದ ಆಯ್ಕೆ ಇಪ್ಪತ್ತೆರಡರಲ್ಲಿ ಅರ್ಜಿಯನ್ನೇ ಹಾಕಲಾಗದಂತೆ ಮಾಡುವುದುಂಟು.

ಬಿ.ಎಡ್. ಮಾಡಿ ಶಿಕ್ಷಕರಾಗುವ ದಾರಿ ಎಲ್ಲರಿಗೂ ಗೊತ್ತಿದೆ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಸ್ಪತ್ರೆ ದಾಖಲೆಯಲ್ಲಿನ ರೋಗ, ಚಿಕಿತ್ಸೆಗಳಿಗೆ ಸಂಕೇತ ಹಾಕುವ ಮೆಡಿಕಲ್ ಕೋಡಿಂಗ್ ಸೇರಿದವರನ್ನು "ಬಯಾಲಜಿ ಓದಿ ಕಂಪ್ಯೂಟರ್ ಮುಂದೆ ಕುಳಿತರು" ಎಂದು ಹಗುರವಾಗಿ ಕಾಣುವುದು ತಪ್ಪು. ಅಂಗರಚನೆ, ಶರೀರಕ್ರಿಯೆ ಗೊತ್ತಿಲ್ಲದವರು ಆ ಕೆಲಸ ಮಾಡಲಾರರು. ಮಗಳನ್ನು ಬೆಂಗಳೂರಿಗೆ ಕಳುಹಿಸಲು ಒಪ್ಪದ ಎಷ್ಟೋ ಮನೆಗಳಲ್ಲಿ ಆ ಹೆಣ್ಣುಮಕ್ಕಳ ಮೊದಲ ಸಂಬಳ ಬಂದದ್ದು ಅಲ್ಲಿಂದಲೇ.

ಈಗ ಕೌಶಲದ ಮಾತು. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನ ಗೊತ್ತಿದೆ ಎಂದು ಬಯೊಡೇಟಾದಲ್ಲಿ ಬರೆಯುವವರು ಬಹಳ, ಅತಿ ಸಣ್ಣ ಪ್ರಮಾಣದ ದ್ರವ ಅಳೆಯುವ ಮೈಕ್ರೊಪಿಪೆಟ್ ಸರಿಯಾದ ಅಳತೆ ಕೊಡುತ್ತಿದೆಯೇ ಎಂದು ನೀರನ್ನು ತೂಗಿ ಪರೀಕ್ಷಿಸಲು ಬಲ್ಲವರು ಕೆಲವರೇ. ಪ್ರಯೋಗಾಲಯಗಳಿಗೆ ಬೇಕಾದದ್ದು ಎರಡನೆಯವರು. ಮಾನ್ಯತೆ ಪಡೆದ ಪ್ರಯೋಗಾಲಯಗಳು ಪಾಲಿಸುವ ಐಎಸ್‌ಒ 17025 ಮಾನದಂಡದ ಪರಿಚಯ ಮಾಡಿಕೊಳ್ಳಿ. ಮಾಡಿದ ಕೆಲಸವನ್ನು ಅಂದೇ, ಅಳಿಸದೆ, ದಿನಾಂಕ ಮತ್ತು ಸಹಿಯೊಂದಿಗೆ ಬರೆದಿಡುವುದನ್ನು ಕಾಲೇಜಿನ ರೆಕಾರ್ಡ್ ಪುಸ್ತಕದಿಂದಲೇ ರೂಢಿಸಿಕೊಳ್ಳಿ. ಸಂಖ್ಯಾಶಾಸ್ತ್ರಕ್ಕೆ ಉಚಿತವಾಗಿ ಸಿಗುವ ಆರ್ ತಂತ್ರಾಂಶ, ನಕ್ಷೆಗೆ ಕ್ಯೂಜಿಐಎಸ್, ಎರಡನ್ನೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕಲಿಯಬಹುದು. ವರದಿಯನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲು ಬರಬೇಕು. ದಕ್ಕೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತನಾಡಿ, ಮೀನು ಎಷ್ಟು ಹೊತ್ತು ಐಸಿಲ್ಲದೆ ಇತ್ತೆಂದು ನಿಜ ಸಂಗತಿ ತಿಳಿದುಕೊಳ್ಳುವ ಜಾಣ್ಮೆಯೂ ಅಷ್ಟೇ ಮುಖ್ಯ. ಹೊರಗಿನಿಂದ ಬಂದವರಿಗೆ ಸುಲಭಕ್ಕೆ ಸಿಗದ ಆ ಶಕ್ತಿ ನಮ್ಮ ಮಕ್ಕಳಿಗೆ ಮನೆಯಿಂದಲೇ ಬಂದಿದೆ.

"ಎಂ.ಎಸ್ಸಿ. ಮಾಡಲೇಬೇಕೇ?" ಎಂಬುದು ಮರುಪ್ರಶ್ನೆ. ಸಂಶೋಧನೆ ಅಥವಾ ಕಾಲೇಜು ಅಧ್ಯಾಪನ ಬೇಕಿದ್ದರೆ ಬೇಕೇ ಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಮಣಿಪಾಲ ಹತ್ತಿರದಲ್ಲೇ ಇವೆ; ದೂರ ಹೋಗಬಲ್ಲವರು ಜಾಮ್, ಗ್ಯಾಟ್-ಬಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳನ್ನು ಬರೆಯಲಿ. ಮುಂದೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಫೆಲೊಶಿಪ್ ದೊರೆತರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನವಿದೆ, ಮನೆಯವರಿಗೆ ಹೊರೆಯಾಗದೆ ಪಿಎಚ್.ಡಿ. ಮಾಡಬಹುದು. ಆದರೆ ಏನು ಮಾಡುವುದೆಂದು ತೋಚದೆ ಎರಡು ವರ್ಷ ಮುಂದೂಡಲು ಎಂ.ಎಸ್ಸಿ. ಸೇರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಥವರು ಪದವಿಯ ಬಳಿಕ ಒಂದು ವರ್ಷ ಯಾವುದಾದರೂ ಪ್ರಯೋಗಾಲಯದಲ್ಲಿ ಕಡಿಮೆ ಸಂಬಳಕ್ಕಾದರೂ ದುಡಿಯಲಿ. ತಮಗೆ ಯಾವ ವಿಷಯ ಬೇಕು, ಯಾವುದು ಬೇಡ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗುತ್ತದೆ, ಎಂ.ಎಸ್ಸಿ. ಆಯ್ಕೆಯೂ ಸರಿಯಾಗುತ್ತದೆ.

ಇಂಟರ್ನ್‌ಶಿಪ್ ಹುಡುಕುವ ಅಂತಿಮ ವರ್ಷದವರಿಗೆ ಒಂದು ಕಿವಿಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮೀನಿನ ಪ್ರಯೋಗಾಲಯ ಸೇರಿದರೆ ಕಲಿಯಲು ಮಾದರಿಗಳೇ ಸಾಕಷ್ಟು ಬರುವುದಿಲ್ಲ. ಆದರೆ ಅಲ್ಲಿನವರಿಗೆ ನಿಮ್ಮ ಪತ್ರ ಓದಿ ಮಾತನಾಡಲು ಬಿಡುವಿರುತ್ತದೆ. ಅರ್ಜಿಯನ್ನು ಜುಲೈಯಲ್ಲಿ ನೀವೇ ಹೋಗಿ ಕೊಡಿ, ಯಾವ ಪರೀಕ್ಷೆ ಕಲಿಯಬೇಕೆಂದಿದ್ದೀರಿ ಎಂಬುದನ್ನು ಅದರ ಮೊದಲ ವಾಕ್ಯದಲ್ಲೇ ಬರೆಯಿರಿ, ಕೆಲಸಕ್ಕೆ ಸೇರುವುದನ್ನು ಆಗಸ್ಟ್ ನಂತರಕ್ಕೆ ಇಟ್ಟುಕೊಳ್ಳಿ.