ಕೊಚ್ಚಿ ಬಿಯೆನಾಲೆಗೆ ಹೊರಟವರು ವಿಡಿಯೊ ಕೋಣೆಗಳಿಗೆ ಸಮಯ ಇಟ್ಟುಕೊಳ್ಳಿ

ಬೆಂಗಳೂರಿನಿಂದ ರಾತ್ರಿ ಹೊರಟು, ಒಂದೇ ಹಗಲಿನಲ್ಲಿ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ದೊಡ್ಡ ಸಮಕಾಲೀನ ಕಲಾಪ್ರದರ್ಶನ ನೋಡಿ ಮರಳುವ ಯೋಜನೆ ಬೇಡ. ಶಿಲ್ಪದ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ನಮ್ಮಿಷ್ಟ. ವಿಡಿಯೊ ಕೃತಿ ಇಪ್ಪತ್ತು ನಿಮಿಷದ್ದಾದರೆ ಅಷ್ಟೂ ಹೊತ್ತು ಕೂರಬೇಕು. ಅಂಥ ಏಳೆಂಟು ಕೃತಿಗಳಿಗೇ ಅರ್ಧ ದಿನ ಬೇಕು. ಬಾಗಿಲ ಪಕ್ಕದ ಫಲಕದಲ್ಲಿ ಅವಧಿ ನೋಡಿಕೊಂಡು ಒಳಗೆ ಹೋಗಿ.

ಪ್ರದರ್ಶನದ ಜಾಗಗಳು ಬಹುಪಾಲು ಹಳೆಯ ಗೋದಾಮುಗಳು. ಹಂಚಿನ ಸಂದಿಯಿಂದ ಬಿಸಿಲು ಬಿದ್ದರೆ ಪ್ರೊಜೆಕ್ಟರ್ ಚಿತ್ರ ಮಂಕಾಗುತ್ತದೆ. ಹಾಗಾಗಿ ಬೆಳಿಗ್ಗೆ ಅಂಗಳದ ಕೃತಿಗಳು, ನಾಲ್ಕರ ಮೇಲೆ ವಿಡಿಯೊ. ಉಪ್ಪುಗಾಳಿಗೂ ಸೆಕೆಗೂ ಯಂತ್ರಗಳು ಕೈಕೊಡುತ್ತವೆ. ಪರದೆ ಕಪ್ಪಾಗಿದ್ದರೆ ಸುಮ್ಮನೆ ಹೊರಬರದೆ ಅಲ್ಲಿರುವ ಸ್ವಯಂಸೇವಕರಿಗೆ ಹೇಳಿ. ಆರಂಭದ ವಾರವನ್ನಂತೂ ಬಿಟ್ಟುಬಿಡಿ. 2022ರಲ್ಲಿ ಡಿಸೆಂಬರ್ 12ರ ಉದ್ಘಾಟನೆಯೇ 23ಕ್ಕೆ ಹೋಗಿತ್ತು.

ಫೋನಿನಲ್ಲಿ ನೋಡಿದ್ದೇನೆ, ಸಾಕು ಎನ್ನಬೇಡಿ. 2014ರಲ್ಲಿ ಶಿಲ್ಪಿ ಅನಿಶ್ ಕಪೂರ್ ಪ್ರದರ್ಶನದ ಮುಖ್ಯ ಜಾಗವಾದ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ನ ನೆಲದಲ್ಲಿ ನೀರಿನ ಸುಳಿ ಮಾಡಿದ್ದರು. ಅದರ ಮೊರೆತವನ್ನು ಯಾವ ವಿಡಿಯೊವೂ ಹಿಡಿದುಕೊಡಲಾರದು. 2016ರಲ್ಲಿ ಚಿಲಿಯ ಕವಿ ರಾವುಲ್ ಸುರೀತಾ ಅವರ ಕವಿತೆ ಓದಲು ಗೋದಾಮಿನಲ್ಲಿ ತುಂಬಿಸಿದ್ದ ಕಡಲನೀರಿನಲ್ಲೇ ನಡೆಯಬೇಕಿತ್ತು. ಲೇಸಿನ ಬೂಟು ಬೇಡ, ಚಪ್ಪಲಿ ಹಾಕಿಕೊಳ್ಳಿ.

ಮೋಸ ಹೋಗುವುದು ಉಳಿಯುವ ಕೋಣೆಯ ವಿಷಯದಲ್ಲಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಫೋರ್ಟ್ ಕೊಚ್ಚಿಯಲ್ಲಿ ಕಾರ್ನಿವಲ್. ಬಾಡಿಗೆ ದುಪ್ಪಟ್ಟಿಗೂ ಮೀರುತ್ತದೆ. ಕಡಲು ಕಾಣುತ್ತದೆಂದು ಹಣ ಪಡೆದ ಹೋಮ್‌ಸ್ಟೇಯೊಂದರ ಕಿಟಕಿ ತೆರೆದರೆ ಎದುರಿಗೆ ಗೋದಾಮಿನ ಗೋಡೆ, ಎಸಿಗೆ ಬೇರೆ ದುಡ್ಡು. ಕಿಟಕಿಯಿಂದಲೇ ತೆಗೆದ ಫೋಟೊ ಕೇಳಿ ಪಡೆಯದೆ ಮುಂಗಡ ಕೊಡಬೇಡಿ. ಎರ್ನಾಕುಲಂನಲ್ಲಿ ಉಳಿಯುವುದೇ ಮೇಲು: ಅಲ್ಲಿನ ಮುಖ್ಯ ಬೋಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಹೋಗುವ ಸರ್ಕಾರಿ ದೋಣಿಗೆ 10 ರೂಪಾಯಿಗೂ ಕಡಿಮೆ, ಸುಮಾರು ಇಪ್ಪತ್ತು ನಿಮಿಷದ ಹಾದಿ. ಇಳಿದು ನಡೆದರೆ ಆಸ್ಪಿನ್‌ವಾಲ್ ಹತ್ತಿರವೇ, ಆಟೊ ಬೇಕಿಲ್ಲ.

ಊಟಕ್ಕೆ ಪ್ರದರ್ಶನದ ಆವರಣದ ಕೆಫೆಗಳನ್ನು ಬಿಟ್ಟು ಮಟ್ಟಾಂಚೇರಿಗೆ ಹೋಗಿ. ಅಲ್ಲಿನ ಕಾಯೀಸ್ ಹೋಟೆಲಿನ ಬಿರಿಯಾನಿಗೆ ಹನ್ನೆರಡಕ್ಕೇ ಹಾಜರಾಗಿ. ತಡವಾದರೆ ಸಾಲು, ಇನ್ನೂ ತಡವಾದರೆ ಪಾತ್ರೆ ಖಾಲಿ. ಸಣ್ಣ ಅಕ್ಕಿಯ ಅನ್ನ ಹಗುರ, ಮಸಾಲೆ ಅತಿಯಲ್ಲ, ಉಂಡ ಮೇಲೆ ಮತ್ತೆ ಮೂರು ಗಂಟೆ ನಡೆಯಬಹುದು. ಅಪರಿಚಿತರೊಡನೆ ಒಂದೇ ಮೇಜಿನಲ್ಲಿ ಕೂರಲು ಸಂಕೋಚ ಬೇಡ. ಸಸ್ಯಾಹಾರಿಗಳು ಚೆರ್ಲಾಯಿಯ ಕೊಂಕಣಿ ಕೇರಿಯ ಕಡೆ ಹೋಗಲಿ, ಮಂಗಳೂರು ಕಡೆಯ ರುಚಿ ಸಿಗುತ್ತದೆ. ಮರಳುವ ದೋಣಿಗೆ ಸಂಜೆ ಜನಸಂದಣಿ ಹೆಚ್ಚು. ಕೊನೆಯ ದೋಣಿಯ ಹೊತ್ತನ್ನು ಬೆಳಿಗ್ಗೆ ಟಿಕೆಟ್ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.